ಲಾಳ ಕಟ್ಟುವವಳ ಲೈಸೆನ್ಸು

ಮಾರ್ಚ್ 4, ಮಂಗಳವಾರ

ಬಂತು ಪತ್ರ. ಬರುತ್ತದೆ ಅಂತ ಗೊತ್ತಿದ್ದರೂ ಇಷ್ಟು ದಿನ ಅಂಚೆ ಡಬ್ಬಿಯ ಕಡೆ ಮುಖ ಹಾಕದೆ ಓಡಾಡುತ್ತಿದ್ದೆ. ಇವತ್ತು ನನ್ನ ಗಂಡ ಗ್ಯಾವ್ ಅದನ್ನು ತಂದು ಊಟದ ಮೇಜಿನ ಮೇಲಿಟ್ಟು, ಟೀಗೆ ನೀರಿಟ್ಟ. ಬರುವ ಸೋಮವಾರದಿಂದ ಆರು ತಿಂಗಳು ನಾನು ಗಾಡಿ ಓಡಿಸುವಂತಿಲ್ಲ.

ನೂರು ಕಿಲೋಮೀಟರ್ ವೇಗದ ಮಿತಿಯಿದ್ದ ರಸ್ತೆಯಲ್ಲಿ ನೂರ ನಲವತ್ಮೂರು. ಯಾರ ಪ್ರಾಣ ಉಳಿಸುವುದಕ್ಕೂ ಅಲ್ಲ. ಎರಡು ದಿನಕ್ಕಾಗುವಷ್ಟು ಕುದುರೆಗಳನ್ನು ಒಂದೇ ದಿನಕ್ಕೆ ಒಪ್ಪಿಕೊಂಡಿದ್ದೆ, ಹೊತ್ತಾಗಿತ್ತು, ಅಷ್ಟೇ. ಇಕ್ಕೆಲದಲ್ಲೂ ಕಟಾವಿಗೆ ಬಂದ ಜೋಳದ ಹೊಲ, ಬಿಟ್ಟ ಬಾಣದ ಹಾಗೆ ನೇರ ರಸ್ತೆ, ಒಂದು ನರಪಿಳ್ಳೆ ಇಲ್ಲ. ಆ ನರಪಿಳ್ಳೆ ಸೇತುವೆಯ ಆಚೆ ಸಮವಸ್ತ್ರ ಹಾಕಿಕೊಂಡು ಕೂತಿತ್ತು.

ಬೈಯೋಣ ಅಂದರೆ ನನ್ನನ್ನು ಬಿಟ್ಟು ಬೈಯಲು ಯಾರೂ ಇಲ್ಲ. ಹಾಗಾಗಿ ಹೋದ ವರ್ಷದ ಖಾಲಿ ಡೈರಿ ಹುಡುಕಿ ತೆಗೆದು ಬರೆಯುತ್ತಿದ್ದೇನೆ. ನಾನು ರೇಲೀನ್ ಡಾವೆನಿ, ವಿಲ್ಗಾರಾದ ಸುತ್ತಮುತ್ತಲಿನ ಕುದುರೆಗಳಿಗೆ ಲಾಳ ಕಟ್ಟುವವಳು. ಕುಲುಮೆ, ಕಬ್ಬಿಣ ಬಡಿಯುವ ಅಡಿಗಲ್ಲು, ಇಕ್ಕಳ ಎಲ್ಲ ನನ್ನ ಗಾಡಿಯ ಹಿಂದಿನ ತೊಟ್ಟಿಯಲ್ಲೇ ಇರುತ್ತವೆ. ಕುದುರೆಗಳು ನಮ್ಮ ಮನೆ ಬಾಗಿಲಿಗೆ ಬರುವುದಿಲ್ಲ, ನಾನೇ ಅವುಗಳ ಬಾಗಿಲಿಗೆ ಹೋಗಬೇಕು. ಗ್ಯಾವ್‌ಗೆ ಎರಡು ವರ್ಷದ ಹಿಂದೆ ಮೂರ್ಛೆ ಶುರುವಾದಾಗ ಡಾಕ್ಟರು ಅವನ ಲೈಸೆನ್ಸು ಕಿತ್ತುಕೊಂಡರು, ಅವನ ಟ್ರಕ್ಕಿನ ಕೆಲಸವೂ ಹೋಯಿತು. ಈ ಮನೆಯಲ್ಲಿ ಸ್ಟಿಯರಿಂಗ್ ಹಿಡಿಯಬಹುದಾದವಳು ಒಬ್ಬಳೇ ಇದ್ದಳು, ಈಗ ಅವಳೂ ಇಲ್ಲ.

ಟೀ ಆರಿಹೋಗಿತ್ತು. ಕುಡಿಯಲು ಪುರುಸೊತ್ತಾಗಲಿಲ್ಲ.

ಮಾರ್ಚ್ 7, ಶುಕ್ರವಾರ

ಪೇಟೆಗೆ ಹೋಗಿ ಲಾಯರನ್ನು ನೋಡಿಬಂದೆ. ಫಿಯೋನಾ ಪಾಪಸ್ ಅಂತ ಹೆಸರು. ನನ್ನ ಅರ್ಧ ವಯಸ್ಸು, ನನ್ನ ಎರಡರಷ್ಟು ಮಾತು. ಒಂದು ದಾರಿ ಇದೆಯಂತೆ. ದುಡಿಮೆಗೆ ಗಾಡಿ ಬೇಕೇಬೇಕು ಎನ್ನುವವರು ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಒಪ್ಪಿದರೆ ಕೆಲಸಕ್ಕೆ ಮಾತ್ರ ಓಡಿಸಲು ಆದೇಶ ಕೊಡುತ್ತಾರೆ. ವಿಚಾರಣೆ ಏಪ್ರಿಲ್ ಕೊನೆಗೆ ಆಗಬಹುದು. ಅಲ್ಲಿಯವರೆಗೆ ಕೀಲಿಕೈ ಮುಟ್ಟುವಂತಿಲ್ಲ.

"ಎರಡು ವಿಷಯ ಸಾಬೀತಾಗಬೇಕು," ಅಂದಳು. "ಒಂದು, ನೀವು ನಂಬಿಕೆಗೆ ತಕ್ಕವರು ಅಂತ. ಇನ್ನೊಂದು, ಲೈಸೆನ್ಸ್ ಇಲ್ದೆ ನಿಮಗೆ ಕಷ್ಟ ಆಗತ್ತೆ ಅಂತ. ಸುಮ್ನೆ ಕಷ್ಟ ಅಲ್ಲ ರೇಲೀನ್, ವಿಪರೀತ ಕಷ್ಟ."

"ಹೇಗೋ ಮಾಡ್ಕೋತೀವಿ ಬಿಡಿ," ಅಂದೆ, ಬಾಯಿಗೆ ಬಂದ ಹಾಗೆ.

ಅವಳು ಪೆನ್ನು ಕೆಳಗಿಟ್ಟಳು. "ಆ ಮಾತು ಕೋರ್ಟಲ್ಲಿ ಅಪ್ಪಿತಪ್ಪಿಯೂ ಆಡ್ಬೇಡಿ."

ಹೇಳುವುದು ಸುಲಭ. ವಿಲ್ಗಾರಾದಲ್ಲಿ ಕಷ್ಟ ಅಂತ ಬಾಯಿಬಿಟ್ಟು ಹೇಳಿದವರನ್ನು ನಾನು ನೋಡಿಲ್ಲ. ಹಿಂದಿನ ಪ್ರವಾಹದಲ್ಲಿ ಮುದುಕ ಮರ್ವ್ ಸ್ಟೆನ್ಸೆಲ್ ಛಾವಣಿ ಮೇಲೆ ಕೂತಿದ್ದಾಗ ದೋಣಿಯವರು ಬಂದರೆ, ಬೇರೆಯವರನ್ನು ನೋಡಿಕೊಂಡು ಬನ್ನಿ, ನನಗೇನೂ ಅವಸರ ಇಲ್ಲ ಅಂದಿದ್ದನಂತೆ. ನೀರು ಅವನ ಮೊಣಕಾಲಿಗೆ ಬಂದಿತ್ತು.

ಮಾರ್ಚ್ 10, ಸೋಮವಾರ

ಇವತ್ತು ಮನೆಯಲ್ಲೇ ಕೂತು ಗಿರಾಕಿಗಳಿಗೆಲ್ಲ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳೋಣ ಅಂದುಕೊಂಡಿದ್ದೆ. ಬೆಳಿಗ್ಗೆಯೇ ಅಂಗಳದಲ್ಲಿ ಮರ್ವ್ ನಿಂತಿದ್ದ. ತಲೆ ಮೇಲೆ ಅಗಲ ಟೋಪಿ, ಕೈಯಲ್ಲಿ ತಿಂಡಿ ಡಬ್ಬ.

"ಕೀಲಿಕೈ ಕೊಡು ಹುಡುಗಿ. ನಾನ್ ಓಡಿಸ್ತೀನಿ, ನೀನು ಕೂತ್ಕೋ."

"ನಿನಗ್ಯಾಕೆ ಮರ್ವ್ ತೊಂದ್ರೆ?"

"ತೊಂದ್ರೆ ಎಂಥದು? ಮನೇಲಿ ಕೂತು ನಾನೇನು ಮೊಟ್ಟೆಗೆ ಕಾವು ಕೊಡ್ತಿದ್ನಾ?"

ಪಬ್ಬಿನಲ್ಲಿ ಶನಿವಾರವೇ ಎಲ್ಲ ತೀರ್ಮಾನ ಆಗಿದೆಯಂತೆ. ಬಿಯರಿನ ದರ ಬರೆಯುವ ಕರಿಹಲಗೆ ಅಳಿಸಿ 'ರೇಯ ಸಾರಥಿಗಳು' ಅಂತ (ಊರಿಗೆಲ್ಲ ನಾನು ರೇ) ಬರೆದು ಪಾಳಿ ಹಾಕಿದ್ದಾರೆ. ಸೋಮವಾರ, ಮಂಗಳವಾರ, ಶುಕ್ರವಾರ ಮರ್ವ್. ಬುಧವಾರ, ಗುರುವಾರ ಮೇವಿನ ಅಂಗಡಿಯ ಜಾಸ್ಲಿನ್. ನನ್ನ ಮುಖ ಅವನಿಗೆ ಕಾಣಬಾರದು ಅಂತ ಗಾಡಿಯ ಹಿಂದೆ ಹೋಗಿ ಅಡಿಗಲ್ಲಿನ ಹಗ್ಗ ಬಿಗಿದೆ. ಅದು ಮೊದಲೇ ಬಿಗಿಯಾಗಿತ್ತು.

ಮರ್ವ್ ಪುರಸಭೆಯಲ್ಲಿ ಬದುಕೆಲ್ಲ ರಸ್ತೆ ಹದ ಮಾಡುವ ಯಂತ್ರ ಓಡಿಸಿದವನು. ಗಾಡಿಯನ್ನೂ ಹಾಗೇ ಓಡಿಸುತ್ತಾನೆ, ಹಿಂದೆ ಬಿಟ್ಟುಬಂದ ರಸ್ತೆ ಸಮ ಆಗಿದೆಯೋ ಇಲ್ಲವೋ ಅಂತ ನೋಡಿಕೊಂಡು. ನನ್ನ ಬಲಗಾಲು ದಾರಿಯುದ್ದಕ್ಕೂ ತಾನಾಗಿ ನೆಲ ಒತ್ತುತ್ತಿತ್ತು. ದಿನಕ್ಕೆ ಎಂಟು ಕುದುರೆ ಮಾಡುವವಳು ನಾಲ್ಕು ಮಾಡಿಬಂದೆ.

ಮಾರ್ಚ್ 12, ಬುಧವಾರ

ಜಾಸ್ಲಿನ್ ಓಡಿಸುವುದು ಚೆನ್ನಾಗಿದೆ. ಮಾತು ಮಾತ್ರ ನಿಲ್ಲುವುದಿಲ್ಲ. ಅವಳ ಮಗಳ ಸೀಮಂತದಿಂದ ಶುರುವಾಗಿ ಪಕ್ಕದೂರಿನ ಪಾದ್ರಿಯ ಪಿತ್ತಕೋಶಕ್ಕೆ ಬಂದು ನಿಂತಿತು. ಕುದುರೆ ಸಾಕುವವರಿಗೆ ಮೇವು ಮಾರುವವಳು, ಆದರೆ ನಾನು ಕೆಲಸ ಮಾಡುವಾಗ ಇಳಿಯಲೇ ಇಲ್ಲ. ಕಿಟಕಿ ಏರಿಸಿಕೊಂಡು ಆ ಬಿಸಿಲಿನಲ್ಲಿ ಗಾಡಿಯೊಳಗೇ ಕೂತಿದ್ದಳು, ಮುಖ ಕೆಂಪಗೆ ಬೀಟ್‌ರೂಟಾಗಿತ್ತು.

"ಇಳಿದು ನೆರಳಿಗೆ ಬಾರೇ ಮಾರಾಯ್ತಿ."

"ಇಲ್ಲೇ ಆರಾಮಾಗಿದೀನಿ ಕಣೇ, ನೀನು ಮಾಡ್ಕೋ."

ಸಂಜೆ ಇಳಿಯುವಾಗ ಇಷ್ಟುದ್ದ ಥ್ಯಾಂಕ್ಸ್ ಹೇಳಿದೆ. ಅಯ್ಯೋ ಬಿಡೇ ಅಂದಳು. ನಾನು ಮತ್ತೊಮ್ಮೆ ಹೇಳಿದೆ. ನಾಳೆಯೂ ಹೇಳಬೇಕು.

ಮಾರ್ಚ್ 21, ಶುಕ್ರವಾರ

ಊರಿನ ಸುದ್ದಿಹಾಳೆಯಲ್ಲಿ ನಮ್ಮ ಫೋಟೋ ಬಂದಿದೆ. ನಾನು ನಡುವೆ, ಆ ಕಡೆ ಮರ್ವ್, ಈ ಕಡೆ ಜಾಸ್ಲಿನ್, ಹಿಂದೆ ಕರಿಹಲಗೆ. ಮೇಲೆ ದಪ್ಪ ಅಕ್ಷರ: 'ವಿಲ್ಗಾರಾ ತನ್ನವರನ್ನು ದಾರಿಯಲ್ಲಿ ಬಿಡುವುದಿಲ್ಲ'. ಗ್ಯಾವ್ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ನನ್ನ ಹೊಟ್ಟೆ ದಪ್ಪ ಕಾಣುತ್ತಿದೆ. ಆದರೂ ಹೆಮ್ಮೆ ಅನ್ನಿಸಿತು.

ಮಾರ್ಚ್ 27, ಗುರುವಾರ

ಗ್ಯಾವ್‌ನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ. ಎರಡು ತಿಂಗಳಿಗೊಮ್ಮೆ ನಾನೇ ಕರೆದೊಯ್ಯುತ್ತಿದ್ದೆ, ಬೆಳಗಿನ ಮೂರು ಕುದುರೆ ಮುಗಿಸಿ, ಅವನನ್ನು ಹತ್ತಿಸಿಕೊಂಡು, ಬಿಟ್ಟು, ಅಲ್ಲೇ ಹತ್ತಿರ ಇನ್ನೆರಡು ಕುದುರೆ ಮುಗಿಸಿ, ಮತ್ತೆ ಹತ್ತಿಸಿಕೊಂಡು. ಇವತ್ತು ಜಾಸ್ಲಿನ್ ತನ್ನ ಕಾರಿನಲ್ಲೇ ಕರೆದೊಯ್ದಳು. ಅವನು ಮುಂದೆ, ನಾನು ಹಿಂದೆ.

ಹಿಂದೆ ಕೂತು ಮಾಡಲು ಏನಿದೆ? ಅವನ ಕುತ್ತಿಗೆ ನೋಡುತ್ತಾ ಕೂತೆ. ಕೂದಲು ಅಷ್ಟು ನರೆತಿದ್ದು ಯಾವಾಗಲೋ. ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದ. ಜಾಸ್ಲಿನ್ ತೊಂಬತ್ತು ದಾಟಿರಲಿಲ್ಲ.

"ತುಂಬಾ ಉಪಕಾರ ಆಯ್ತು ಜಾಸ್," ಅಂದ. ಆಸ್ಪತ್ರೆಯ ಬಾಗಿಲಲ್ಲಿ ಮತ್ತೆ ಅಂದ. ವಾಪಸು ಬರುವಾಗ ಪೈ ಅಂಗಡಿಯಲ್ಲಿ ನಿಲ್ಲಿಸಿದಾಗ ಇನ್ನೊಮ್ಮೆ. ಅಷ್ಟು ಸಲ ಯಾಕೆ ಹೇಳಬೇಕು, ಭಿಕ್ಷೆ ಹಾಕಿದ ಹಾಗೆ? ನನಗೆ ರೇಗಿತು. ಮನೆಗೆ ಬಂದ ಮೇಲೆ ನಾನೂ ಗೇಟಿನ ತನಕ ಹೋಗಿ ಅವಳಿಗೆ ಅದನ್ನೇ ಹೇಳಿಬಂದೆ.

ಏಪ್ರಿಲ್ 9, ಬುಧವಾರ

ಫಿಯೋನಾ ಕೂಗಾಡಿದಳು. ಲಾಯರುಗಳು ಕಕ್ಷಿದಾರರ ಮೇಲೆ ಕೂಗಾಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ಮರ್ವ್ ಮತ್ತು ಜಾಸ್ಲಿನ್ ನನ್ನ ಪರವಾಗಿ ಬರೆದುಕೊಟ್ಟ ಪ್ರಮಾಣಪತ್ರಗಳನ್ನು ಹೆಮ್ಮೆಯಿಂದ ಒಯ್ದಿದ್ದೆ. ಅವಳು ಓದುತ್ತಾ ಹೋದ ಹಾಗೆ ಅವಳ ಮುಖ ಇಳಿಯುತ್ತಾ ಹೋಯಿತು.

"'ರೇಲೀನ್ ಬಂಗಾರದಂಥ ಹೆಂಗಸು.' ಸರಿ. 'ಅವಳನ್ನು ಎಷ್ಟು ದಿನ ಬೇಕಾದರೂ ಕರೆದುಕೊಂಡು ಓಡಾಡಲು ನಾನು ಸಿದ್ಧ, ನನಗೆ ಒಂದಿಷ್ಟೂ ತೊಂದರೆ ಇಲ್ಲ.' ಇದೇನಿದು? ಇವರೂ ಅದನ್ನೇ ಬರ್ದಿದಾರೆ!"

"ಒಳ್ಳೇದೇ ತಾನೇ ಬರ್ದಿರೋದು?"

"ರೇಲೀನ್, ಗಾಡಿ ಓಡಿಸದಿದ್ರೆ ದುಡಿಮೆ ನಿಲ್ಲತ್ತೆ ಅಂತ ಅಲ್ವಾ ನಮ್ಮ ಅರ್ಜಿ? ಇಬ್ಬರು ಸಾರಥಿಗಳು ಬಿಟ್ಟಿಯಾಗಿ ಸಿಕ್ಕಿದಾರೆ, ಎಷ್ಟು ದಿನ ಬೇಕಾದ್ರೂ ಬರ್ತಾರೆ ಅಂತ ನೀವೇ ಹೇಳಿದ್ರೆ ಕಷ್ಟ ಎಲ್ಲಿದೆ? ಸಾರಿಗೆ ಇಲಾಖೆ ಲಾಯರು ಬಾಯಿ ತೆರೆಯೋದೇ ಬೇಡ. ನಿಮ್ಮ ಸ್ನೇಹಿತರು ನಿಮ್ಮ ಕೇಸನ್ನ ಪ್ರೀತಿಯಿಂದ ಮುಗಿಸಿಬಿಟ್ಟಿದಾರೆ."

ಪತ್ರ ಹಿಂತೆಗೆದುಕೊಳ್ಳೋಣ ಅಂದೆ. ಹಿಂತೆಗೆದರೂ ಪ್ರಶ್ನೆ ಕೇಳುತ್ತಾರೆ, ಸುಳ್ಳು ಹೇಳುವಂತಿಲ್ಲ ಅಂದಳು. ಸುದ್ದಿಹಾಳೆಯ ಫೋಟೋ ವಿಷಯ ಹೇಳಿದೆ. ಆಗ ಅವಳು ಕೂಗಾಡಲಿಲ್ಲ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಅವರಿಗೆ ನಿಜವಾಗ್ಲೂ ತೊಂದರೆ ಆಗ್ತಿಲ್ವಾ?" ಅಂತ ಕೊನೆಗೆ ಕೇಳಿದಳು. "ಆಗ್ತಿದ್ರೆ ಅದನ್ನ ಹೇಳ್ಲಿ. ನಿಜ ಹೇಳಿದ್ರೆ ಸಾಕು."

ಏಪ್ರಿಲ್ 13, ಭಾನುವಾರ

ಇಬ್ಬರನ್ನೂ ಮನೆಗೆ ಕರೆದು ಜಗಲಿಯಲ್ಲಿ ಕೂರಿಸಿದೆ. ಗ್ಯಾವ್ ಸಾಸೇಜು ಸುಟ್ಟ. ವಿಷಯ ಬಿಡಿಸಿ ಹೇಳಿದೆ.

"ಅಂದ್ರೆ ನಾವು ನಿನ್ನ ಮೇಲೆ ದೂರು ಹೇಳ್ಬೇಕಾ?" ಅಂದ ಮರ್ವ್.

"ದೂರಲ್ಲ. ನನ್ನಿಂದ ನಿಮಗೆ ಏನು ತೊಂದ್ರೆ ಆಗ್ತಿದೆ ಅಂತ ನಿಜ ಹೇಳಿ, ಅಷ್ಟೇ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಬ್ಬರೂ ಸಾಸೇಜು ನೋಡಿದರು.

"ನಿಜ ಹೇಳ್ಬೇಕು ಅಂದ್ರೆ," ಅಂತ ಜಾಸ್ಲಿನ್ ಶುರು ಮಾಡಿದಳು. ನಾನು ಮುಂದಕ್ಕೆ ಬಾಗಿದೆ. "ನಿಜ ಹೇಳ್ಬೇಕು ಅಂದ್ರೆ ಏನೂ ಇಲ್ಲ ಕಣೇ."

"ನಿನ್ನ ಸೊಂಟ ನೋವು, ಮರ್ವ್? ನಿನ್ನ ಬೌಲ್ಸ್ ಆಟ? ಕ್ಲಬ್ಬಿಗೆ ಹೋಗಿ ಎಷ್ಟು ದಿನ ಆಯ್ತು?"

"ಸೊಂಟ ಮೊದ್ಲಿಂದ್ಲೂ ಹಾಗೇ. ಬೌಲ್ಸಲ್ಲಿ ನಾನು ಯಾವಾಗ್ಲೂ ಸೋಲ್ತಿದ್ದೆ, ಹೋಗ್ದಿದ್ದೇ ಲಾಭ."

ಗ್ಯಾವ್ ನಗುತ್ತಾ ಇಕ್ಕಳದಿಂದ ಅವನ ತಟ್ಟೆಗೆ ಇನ್ನೊಂದು ಸಾಸೇಜು ಹಾಕಿದ. "ಬಿಡು ರೇ. ಆ ಥರ ಹೇಳೋದು ಅಷ್ಟು ಸುಲಭ ಅಲ್ಲ," ಅಂದ. ಇವನಿಗೇನು ಗೊತ್ತು? ಕೇಸು ನನ್ನದು.

ಏಪ್ರಿಲ್ 16, ಬುಧವಾರ

ಬ್ರುನ್ಸ್ಟನ್ ಕುದುರೆ ಫಾರ್ಮಿನವರು ಫೋನ್ ಮಾಡಿದರು. ಬಹಳ ನಯವಾಗಿ. ನಾನು ದಿನಕ್ಕೆ ನಾಲ್ಕೇ ಮಾಡುತ್ತಿದ್ದೇನೆ, ಅವರ ಸರದಿ ಬರುವಷ್ಟರಲ್ಲಿ ಗೊರಸು ಬೆಳೆದು ಸೀಳು ಬಿಡುತ್ತಿದೆ, ಅದಕ್ಕೆ ಬೇರೆಯವನನ್ನು ನೋಡಿಕೊಂಡಿದ್ದೇವೆ ಅಂದರು. ನನ್ನ ಕೆಲಸದ ಮೂರರಲ್ಲಿ ಒಂದು ಪಾಲು ಅವರದು. ಪರವಾಗಿಲ್ಲ ಬಿಡಿ, ಏನೂ ತೊಂದರೆ ಇಲ್ಲ ಅಂದೆ. ಫೋನಿಟ್ಟ ಮೇಲೆ ಗಾಡಿ ನಿಲ್ಲಿಸಿದ್ದ ಕೊಟ್ಟಿಗೆಗೆ ಹೋಗಿ ಅಡಿಗಲ್ಲಿನ ಮೇಲೆ ಸುಮ್ಮನೆ ಸುತ್ತಿಗೆ ಹೊಡೆದೆ, ಕೈ ಸೋಲುವ ತನಕ.

ಆದೇಶ ಸಿಗದಿದ್ದರೆ ಉಳಿದವರೂ ಹೋಗುತ್ತಾರೆ. ಸೆಪ್ಟೆಂಬರಿಗೆ ಲೈಸೆನ್ಸು ವಾಪಸು ಬಂದಾಗ ಹೋಗಲು ಒಂದು ಕುದುರೆಯೂ ಇರುವುದಿಲ್ಲ.

ಏಪ್ರಿಲ್ 20, ಈಸ್ಟರ್

ಬರೆಯುವಂಥದ್ದು ಏನೂ ಇಲ್ಲ. ಜಾಸ್ಲಿನ್ ಬನ್ನು ಕಳಿಸಿದ್ದಳು. ನಾನು, ಗ್ಯಾವ್ ಮೆಟ್ಟಿಲ ಮೇಲೆ ಕೂತು ತಿಂದೆವು. ಅವನಿಗೆ ಒಣದ್ರಾಕ್ಷಿ ಇಷ್ಟವಿಲ್ಲವಂತೆ. ಇಷ್ಟು ವರ್ಷದಲ್ಲಿ ಇವತ್ತು ಗೊತ್ತಾಯಿತು. ಆರಿಸಿ ಆರಿಸಿ ನನ್ನ ತಟ್ಟೆಗೆ ಹಾಕಿದ.

ಏಪ್ರಿಲ್ 29, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆದೇ ಏಳುತ್ತೇನೆ.

ಕೋರ್ಟಿಗೆ ನಾವು ನಾಲ್ವರೂ ಜಾಸ್ಲಿನ್‌ಳ ಕಾರಿನಲ್ಲೇ ಹೋದೆವು. ಮರ್ವ್ ಮದುವೆಯ ಕೋಟು ಹಾಕಿಕೊಂಡಿದ್ದ, ಗುಂಡಿ ಹಾಕಲು ಆಗುತ್ತಿರಲಿಲ್ಲ. ನಾನು ಉಗುರುಗಳನ್ನು ಎಷ್ಟು ತಿಕ್ಕಿದರೂ ಸಂದಿಯ ಮಸಿ ಹೋಗಿರಲಿಲ್ಲ. ಮ್ಯಾಜಿಸ್ಟ್ರೇಟು ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡುವವರು. ಇಲಾಖೆಯ ಲಾಯರು ತೆಳ್ಳಗಿನ ಯುವಕ, ಮಾತು ಸೌಮ್ಯ. ಎದ್ದವನೇ ಸುದ್ದಿಹಾಳೆ ಎತ್ತಿ ಹಿಡಿದ. ನಮ್ಮ ಫ್ರಿಜ್ಜಿನ ಮೇಲಿದ್ದದ್ದೇ.

"ಈ ಊರು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರುವಾಗ ಅರ್ಜಿದಾರರಿಗೆ ವಿಪರೀತ ಕಷ್ಟ ಇದೆ ಎನ್ನಲು ಆಧಾರ ಏನು ಅಂತ ಕೇಳಬೇಕಾಗಿದೆ, ಮೇಡಂ," ಅಂದ.

ಫಿಯೋನಾ ಮರ್ವ್‌ನನ್ನು ಕರೆದಳು. ಅವನು ಪ್ರಮಾಣ ಮಾಡಿ ಕಟಕಟೆಯ ಕುರ್ಚಿಯಲ್ಲಿ ಕೂತ.

"ವಾರಕ್ಕೆ ಮೂರು ದಿನ ಹಗಲಿಡೀ ಗಾಡಿಯಲ್ಲಿ ಕೂರ್ತೀರಿ. ನಿಮಗೆ ಅದರಿಂದ ಏನಾಗಿದೆ?"

"ಏನಾಗಿದೆ? ಏನೂ ಆಗಿಲ್ಲ. ರೇ ಒಳ್ಳೆ ಜೊತೆ."

"ನಿಮ್ಮ ಸೊಂಟ?"

"ಸೊಂಟ ಇದೆ."

ಹಿಂದೆ ಯಾರೋ ನಕ್ಕರು. ಅವನು ಏಳಲು ಹೋದ, ಆಗಲಿಲ್ಲ. ಮತ್ತೆ ಪ್ರಯತ್ನಿಸಿದ. ಪೇದೆ ಬಂದು ತೋಳು ಹಿಡಿದು ಎಬ್ಬಿಸಿದ. ಕುರ್ಚಿ ಸರಿ ಇಲ್ಲ ಅಂತ ಮರ್ವ್ ಅವನಿಗೆ ಹೇಳಿದ.

ಜಾಸ್ಲಿನ್ ಬಂದಳು. ಬುಧವಾರ, ಗುರುವಾರ ಅಂಗಡಿಗೆ ಬೀಗ ಹಾಕುತ್ತೀರಲ್ಲ, ವ್ಯಾಪಾರ? ಗಿರಾಕಿಗಳು ಶುಕ್ರವಾರ ಬರ್ತಾರೆ ಅಂದಳು. ಮಗಳ ಬಾಣಂತನಕ್ಕೆ ಹೋಗಬೇಕಿತ್ತಲ್ಲ? ಅವಳ ಅತ್ತೆ ಇದ್ದಾರೆ. ಫಿಯೋನಾಳ ಕಿವಿ ಕೆಂಪಾಗುತ್ತಿತ್ತು. ಇಲಾಖೆಯ ಲಾಯರು ಒಂದೂ ಪ್ರಶ್ನೆ ಕೇಳಲಿಲ್ಲ, ಎರಡು ಸಲವೂ ವಂದನೆ ಹೇಳಿದ.

ಆಮೇಲೆ ನನ್ನ ಸರದಿ. ವೇಗದ ಬಗ್ಗೆ ಕೇಳಿದರು. ಹೊತ್ತಾಗಿತ್ತು ಅಂದೆ. ಯಾರಾದರೂ ಅಡ್ಡ ಬಂದಿದ್ದರೆ ಸತ್ತಿರುತ್ತಿದ್ದರು, ಅದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ ಅಂದೆ. ಮ್ಯಾಜಿಸ್ಟ್ರೇಟು ಬರೆದುಕೊಂಡರು, ಕನ್ನಡಕದ ಮೇಲಿಂದ ನೋಡಿದರು.

"ನಿಮ್ಮ ಸ್ನೇಹಿತರು ಹೇಳಿದ್ದನ್ನು ಕೇಳಿದೆ. ಅವರು ನಿಮ್ಮನ್ನು ಸೆಪ್ಟೆಂಬರ್ ತನಕ ಕರೆದೊಯ್ಯುತ್ತಾರೆ. ಹಾಗಾದರೆ ಈ ಆದೇಶ ನಿಮಗೆ ಯಾಕೆ ಬೇಕು?"

ಹೇಗೋ ಮಾಡಿಕೊಳ್ಳುತ್ತೇನೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಮರ್ವ್ ಬೆಂಚಿನ ಮೇಲೆ ಒಂದು ಕುಂಡಿಯಿಂದ ಇನ್ನೊಂದಕ್ಕೆ ಭಾರ ಬದಲಾಯಿಸಿದ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ. ನಾನು ನೋಡಿದ್ದು ಗೊತ್ತಾಗಿ ತಕ್ಷಣ ನಗೆ ತಂದುಕೊಂಡ.

"ಮೇಡಂ, ಇವರಿಬ್ಬರ ಮಾತು ನಂಬಬೇಡಿ," ಅಂದೆ. ಫಿಯೋನಾ ನನ್ನ ಕಡೆ ಕತ್ತು ತಿರುಗಿಸಿದಳು. "ಸುಳ್ಳು ಹೇಳ್ತಿದಾರೆ ಅಂತ ಅಲ್ಲ. ಇವರಿಗೆ ಬೇರೆ ಥರ ಹೇಳೋಕೆ ಬರಲ್ಲ. ನನಗೂ ಬರಲ್ಲ. ಅವನಿಗೆ ಏಳೋಕೆ ಆಗ್ತಿಲ್ಲ, ನೀವೇ ನೋಡಿದ್ರಿ. ಅವಳು ಮೊಮ್ಮಗು ಮುಖ ಇನ್ನೂ ನೋಡಿಲ್ಲ. ನನ್ನ ದೊಡ್ಡ ಗಿರಾಕಿ ಬಿಟ್ಟುಹೋದ, ನಮ್ಮ ಮನೇಲಿ ದುಡಿಯೋಳು ನಾನೊಬ್ಳೇ. ಅದೂ ಇರ್ಲಿ. ದಿನಾ ಬೆಳಿಗ್ಗೆ ಯಾರೋ ಬರ್ತಾರೆ ಅಂತ ಕಾಯ್ಬೇಕು. ಬಂದವರ ಮುಖ ನೋಡಿ ನಗ್ಬೇಕು. ಸೆಕೆ ಆದ್ರೆ ಕಿಟಕಿ ತೆಗೀರಿ ಅನ್ನೋ ಹಾಗಿಲ್ಲ, ಒಂದಕ್ಕೆ ಬಂದ್ರೆ ನಿಲ್ಸಿ ಅನ್ನೋಕೆ ನಾಚಿಕೆ. ಸಿಟ್ಟು ಬಂದ್ರೆ ಸಿಟ್ಟು ಮಾಡ್ಕೊಳ್ಳೋ ಹಕ್ಕಿಲ್ಲ, ಉಪಕಾರ ಮಾಡ್ತಿದಾರಲ್ಲ! ಅವರು ಒಳ್ಳೆಯವರಾದಷ್ಟೂ ನಾನು ಸಣ್ಣೋಳಾಗ್ತಾ ಹೋಗ್ತಿದೀನಿ. ನನ್ನ ಕೈಲಿ ಆಗ್ತಿಲ್ಲ ಮೇಡಂ. ಕಷ್ಟ ಆಗ್ತಿದೆ."

ಅಷ್ಟು ಹೇಳಿ ಅತ್ತುಬಿಟ್ಟೆ. ಕುದುರೆ ಒದ್ದು ಎರಡು ಪಕ್ಕೆಲುಬು ಮುರಿದಾಗಲೂ ಅತ್ತವಳಲ್ಲ. ಪೇದೆ ಕಾಗದದ ಕರವಸ್ತ್ರದ ಡಬ್ಬಿ ತಂದ.

ಆಗ ಬೆಂಚಿನಿಂದ ಮರ್ವ್‌ನ ಧ್ವನಿ ಬಂತು. "ಮೇಡಂ, ನನ್ನ ಕೈಲೂ ಆಗ್ತಿಲ್ಲ!"

"ಮಿಸ್ಟರ್ ಸ್ಟೆನ್ಸೆಲ್, ಕೇಳದೆ ಮಾತಾಡುವಂತಿಲ್ಲ."

"ಹಾಗಾದ್ರೆ ಕೇಳಿ ಮೇಡಂ! ರಾತ್ರಿ ಮಗ್ಗುಲು ಬದಲಾಯ್ಸೋಕೆ ಆಗಲ್ಲ. ಇವಳು ಪಕ್ಕದಲ್ಲಿ ಕೂತು ಕಾಲಲ್ಲಿ ನೆಲ ಒತ್ತುತಾಳೆ, ನನಗೆ ಗೊತ್ತಾಗಲ್ವಾ? ಮತ್ತೆ ಬೌಲ್ಸಲ್ಲಿ ನಾನೇನೂ ಯಾವಾಗ್ಲೂ ಸೋಲ್ತಿರ್ಲಿಲ್ಲ."

"ನನಗೆ ಕುದುರೆ ಕಂಡ್ರೆ ಪ್ರಾಣ ಹೋಗತ್ತೆ," ಅಂದಳು ಜಾಸ್ಲಿನ್, ಎದ್ದು ನಿಂತು. "ಚಿಕ್ಕೋಳಿದ್ದಾಗಿಂದ. ಅಂಗಡಿಯಿಟ್ಟು ಯಾರಿಗೂ ಹೇಳ್ಕೊಳ್ಳೋ ಹಾಗಿಲ್ಲ."

ಮ್ಯಾಜಿಸ್ಟ್ರೇಟು ಕನ್ನಡಕ ತೆಗೆದು ಒರೆಸಿದರು. ನಗು ಬಂದಿತ್ತೋ ಏನೋ. ಇಬ್ಬರನ್ನೂ ಒಬ್ಬೊಬ್ಬರಾಗಿ ಮತ್ತೆ ಕಟಕಟೆಗೆ ಕರೆಸಿ ಕೇಳಿದರು. ಒಮ್ಮೆ ಕಟ್ಟೆ ಒಡೆದ ಮೇಲೆ ಇಬ್ಬರಿಗೂ ನಿಲ್ಲಿಸಲು ಬರಲಿಲ್ಲ. ನನ್ನ ಬೂಟಿನ ವಾಸನೆಯಿಂದ ಹಿಡಿದು ನಾನು ಹೇಳುವ ಥ್ಯಾಂಕ್ಸಿನ ತನಕ ಎಲ್ಲ ಬಂತು. ಇಲಾಖೆಯ ಲಾಯರು, ಇನ್ನು ಹೆಚ್ಚಿಗೆ ಹೇಳುವುದಿಲ್ಲ ಮೇಡಂ, ಅಂದ.

ಆದೇಶ ಸಿಕ್ಕಿತು! ವಾರದ ಐದು ದಿನ, ಹಗಲು ಹೊತ್ತು, ಲಾಳದ ಕೆಲಸಕ್ಕೆ ಮಾತ್ರ, ನನ್ನ ಗಾಡಿ ಮಾತ್ರ. ಇದನ್ನು ಮೀರಿದರೆ ಮತ್ತೆ ಈ ಕಡೆ ಮುಖ ಹಾಕಬೇಡಿ ಅಂತ ಎಚ್ಚರಿಕೆ. ಸ್ವಲ್ಪ ಕಾಗದಪತ್ರ ಮುಗಿದರೆ ಮುಂದಿನ ವಾರದಿಂದ ಓಡಿಸಬಹುದು.

ಹೊರಗೆ ಬಂದಾಗ ನನಗಿಂತ ಅವರಿಬ್ಬರಿಗೇ ಹೆಚ್ಚು ಖುಷಿ. ಜಾಸ್ಲಿನ್ ನನ್ನನ್ನು ತಬ್ಬಿಕೊಂಡು ಅತ್ತಳು. ಮರ್ವ್ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, "ಅಬ್ಬಾ! ನಿನ್ನನ್ನ ಹೊತ್ಕೊಂಡು ತಿರುಗ್ತಾನೇ ಸಾಯ್ತೀನಿ ಅನ್ಕೊಂಡಿದ್ದೆ ಮಾರಾಯ್ತಿ," ಅಂದ. ಎಲ್ಲರೂ ನಕ್ಕೆವು. ಅಷ್ಟು ದಿನ ಜೊತೆಗೆ ಓಡಾಡಿದರೂ ನಾವು ಹಾಗೆ ನಕ್ಕಿದ್ದು ಇವತ್ತೇ. ಗ್ಯಾವ್ ಸ್ವಲ್ಪ ದೂರದಲ್ಲಿ ಕೈ ಜೇಬಲ್ಲಿಟ್ಟುಕೊಂಡು ನಿಂತಿದ್ದ. ಅವನೂ ನಗುತ್ತಿದ್ದ.

ಏಪ್ರಿಲ್ 30, ಬುಧವಾರ

ಚೆನ್ನಾಗಿ ನಿದ್ದೆ ಮಾಡಿದೆ. ಎದ್ದು ಬಂದಾಗ ಗ್ಯಾವ್ ಟೋಸ್ಟು ಮಾಡುತ್ತಿದ್ದ. ಟೀ ಬಿಸಿಯಾಗಿತ್ತು. ಕೂತು ಕುಡಿದೆ.

"ನಿನ್ನೆ ನೀನು ಅಲ್ಲಿ ನಿಂತು ಹೇಳ್ತಿದ್ದಾಗ," ಅಂದ, ಬೆನ್ನು ಹಾಕಿಕೊಂಡೇ, "ನಿನ್ನ ವಿಷಯ ಹೇಳ್ತಿದೀಯೋ ನನ್ನ ವಿಷಯ ಹೇಳ್ತಿದೀಯೋ ಗೊತ್ತಾಗ್ಲಿಲ್ಲ ರೇ."

"ಅಂದ್ರೆ?"

"ನೀನು ಏಳು ವಾರ ಹಾಗಿದ್ದೆ. ನಾನು ಎರಡು ವರ್ಷದಿಂದ ಹಾಗೇ ಇದೀನಿ."

ಬೇಜಾರಿನಿಂದ ಹೇಳಲಿಲ್ಲ. ಬೆಣ್ಣೆ ಮುಗಿದಿದೆ ಅನ್ನುವ ಹಾಗೆ ಹೇಳಿದ. ನನಗೆ ಮಾತ್ರ ಕೈಯಲ್ಲಿದ್ದ ಟೀ ಲೋಟ ಕೆಳಗಿಡಲು ಜಾಗ ಕಾಣಲಿಲ್ಲ. ಕೇಳಿದೆ. ಹೇಳು, ಎಲ್ಲ ಹೇಳು ಅಂದೆ. ಮೊದಲು ಅಯ್ಯೋ ಬಿಡು ಅಂದ. ಬಿಡಲಿಲ್ಲ.

ನಾನು ಓಡಿಸುವಾಗ ಅವನಿಗೆ ಭಯವಾಗುತ್ತದಂತೆ. ಆಸ್ಪತ್ರೆಯ ದಿನ ಬೆಳಿಗ್ಗೆ ಟೀ ಕುಡಿಯುವುದಿಲ್ಲವಂತೆ, ದಾರಿಯಲ್ಲಿ ನಿಲ್ಲಿಸು ಅನ್ನಬೇಕಾಗುತ್ತದೆ ಅಂತ. ಅವನನ್ನು ಒಂದು ಮೇವಿನ ಚೀಲದ ಹಾಗೆ ಇಳಿಸಿ ಹೋಗುತ್ತೇನಂತೆ, ಡಾಕ್ಟರು ಏನಂದರು ಅಂತ ಗಾಡಿ ತಿರುಗಿಸುತ್ತಾ ಕೇಳುತ್ತೇನಂತೆ. ಉತ್ತರ ಮುಗಿಯುವಷ್ಟರಲ್ಲಿ ಇನ್ನೊಂದು ಫೋನ್ ಬಂದಿರುತ್ತದಂತೆ.

"ಯಾಕೆ ಹೇಳ್ಲಿಲ್ಲ ಮಹರಾಯ? ಒಂದು ಸಲ ಬೈದಿದ್ರೂ ಆಗ್ತಿತ್ತಲ್ಲ!"

"ಹೇಗೆ ಬೈಯ್ಲಿ? ಇಡೀ ಮನೆ ನೀನು ಹೊತ್ತಿದೀಯ. ಉಪಕಾರ ಮಾಡೋರ ಮೇಲೆ ಸಿಟ್ಟು ಮಾಡ್ಕೊಳ್ಳೋ ಹಕ್ಕಿಲ್ಲ ಅಂತ ನೀನೇ ಹೇಳಿದ್ಯಲ್ಲ ಮ್ಯಾಜಿಸ್ಟ್ರೇಟಿಗೆ."

ಎದ್ದು ಹೋಗಿ ಅವನ ಬೆನ್ನಿಗೆ ತಲೆ ಇಟ್ಟು ನಿಂತೆ. ಟೋಸ್ಟು ಕರಕಲಾಯಿತು. ಆಮೇಲೆ ಅವನು ಇನ್ನೂ ಹೇಳಿದ. ಮಧ್ಯಾಹ್ನದ ತನಕ ಹೇಳಿದ. ನನ್ನ ಅಡಿಗೆಯಿಂದ ಹಿಡಿದು ನನ್ನ ತಮ್ಮನ ತನಕ ಯಾವುದನ್ನೂ ಬಿಡಲಿಲ್ಲ. ಎರಡು ವರ್ಷದ ಬಾಕಿ. ಕೊನೆಕೊನೆಗೆ ಇಬ್ಬರಿಗೂ ನಗು. ಅವನು ಇಷ್ಟು ಮಾತಾಡಬಲ್ಲ ಅನ್ನುವುದನ್ನೇ ನಾನು ಮರೆತಿದ್ದೆ. ಎದೆಯ ಮೇಲಿಂದ ಅಡಿಗಲ್ಲು ಎತ್ತಿಟ್ಟಷ್ಟು ಹಗುರ ಆಗಿದೆ. ನನಗೆ ಯಾಕೆ ಹಗುರ ಆಗಬೇಕೋ, ಬೈಸಿಕೊಂಡವಳು ನಾನು.

ಮೇ 6, ಮಂಗಳವಾರ

ನಿನ್ನೆ ಮೇ ತಿಂಗಳ ಮೊದಲ ಸೋಮವಾರ, ನಮ್ಮಲ್ಲಿ ಕಾರ್ಮಿಕರ ದಿನದ ರಜೆ, ಹಾಗಾಗಿ ಇವತ್ತು ಮೊದಲ ದಿನ. ಆದೇಶ ಮಡಿಚಿ ಜೇಬಲ್ಲಿಟ್ಟುಕೊಂಡು ಕೀಲಿಕೈ ತೆಗೆದುಕೊಂಡೆ. ಕುದುರೆ ಹಿಡಿದುಕೊಳ್ಳಲು ನಾನೂ ಬರುತ್ತೇನೆ, ಮನೆಯಲ್ಲಿ ಕೂತು ಸಾಕಾಗಿದೆ ಅಂತ ಗ್ಯಾವ್ ನಿನ್ನೆಯೇ ಹೇಳಿದ್ದ. ನಾನು ಕರೆದಿರಲಿಲ್ಲ. ಫಿಯೋನಾಳನ್ನು ಕೇಳಿದೆ, ಕೆಲಸಕ್ಕೆ ನೆರವಾಗುವವನಾದರೆ ಕೂರಬಹುದು ಅಂದಳು.

ಇಲ್ಲಿ ಮೇ ಅಂದರೆ ಚಳಿಗಾಲದ ಬಾಗಿಲು, ಬೆಳಗಿನ ಚಳಿ ಶುರುವಾಗಿದೆ. ಕಟಾವಾದ ಹೊಲಗಳಲ್ಲಿ ಎರೆಮಣ್ಣು ಕಪ್ಪಗೆ ಬಿದ್ದಿತ್ತು. ಸ್ಟಿಯರಿಂಗ್ ಹಿಡಿದಾಗ ನನಗೆ ಕೂಗಬೇಕು ಅನ್ನುವಷ್ಟು ಸಂತೋಷ. ಇವತ್ತಿಗೆ ಐದೇ ಕುದುರೆ ಒಪ್ಪಿಕೊಂಡಿದ್ದೆ. ಸೇತುವೆ ದಾಟಿ ದೊಡ್ಡ ರಸ್ತೆಗೆ ಬಂದೆವು. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ.

"ರೇ," ಅಂದ ಗ್ಯಾವ್. "ಸ್ವಲ್ಪ ನಿಧಾನ."

ಮುಳ್ಳು ನೋಡಿದೆ. ತೊಂಬತ್ನಾಲ್ಕು. ಮಿತಿಯೊಳಗೇ ಇದ್ದೆ.

ನಿಧಾನ ಮಾಡಿದೆ. ಅವನು ಬಾಗಿಲ ಮೇಲಿನ ಹಿಡಿ ಬಿಟ್ಟು, ಕಿಟಕಿ ಇಳಿಸಿ, ಮೊಣಕೈ ಹೊರಗಿಟ್ಟು ಕೂತ.